ಕಾವಲುನಾಯಿಯನ್ನು ಕಾಯುವುದು



ಮನೆಯನ್ನೂ ತೋಟವನ್ನೂ ಕಾಯುವುದಕ್ಕಾಗಿ ನಾವು ನಾಯಿಯನ್ನು ಸಾಕುತ್ತೇವೆ. ಆ ನಾಯಿಯನ್ನು ಕಾಯತಕ್ಕವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಕಳ್ಳನ ಮೇಲೆ ಹಾರಬಲ್ಲ, ಹಂದಿಯನ್ನು ಅಟ್ಟಬಲ್ಲ ದೊಡ್ಡ ನಾಯಿಯು ಎಳ್ಳುಕಾಳಿನಷ್ಟಿರುವ ಒಂದು ಉಣ್ಣಿಯನ್ನು ತನ್ನ ಕಿವಿಯೊಳಗಿಂದ ತೆಗೆದುಹಾಕಲಾರದು. ಈ ಅಸಹಾಯಕತೆಯೇ ಇಂದಿನ ನನ್ನ ಭಾಷಣದ ವಿಷಯ.

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲ ಹೋಬಳಿಯ ಕಡೆ ಹೋದವರು ಅಲ್ಲಿನ ನೆಲದ ಗುಣವನ್ನು ಬಲ್ಲರು. ರಾಗಿಯ ಹೊಲಗಳು, ಹೊಂಗೆ ಹುಣಿಸೆಯ ಮರಗಳು, ಅಲ್ಲಲ್ಲಿ ನೀಲಗಿರಿಯ ತೋಪುಗಳು, ದ್ರಾಕ್ಷಿಯ ಚಪ್ಪರಗಳು, ಮನೆಮನೆಗೂ ಹಾಲು ಕರೆಯುವ ಹಸುಗಳು, ಅವುಗಳ ಬದಿಯಲ್ಲಿಯೇ ತಿಪ್ಪೆಗಳು. ಇತ್ತೀಚೆಗೆ ಈ ದೃಶ್ಯಕ್ಕೆ ಇನ್ನೊಂದು ಸೇರಿಕೊಂಡಿದೆ. ಬೆಂಗಳೂರಿನ ವಿದ್ಯಾವಂತರು ಅಲ್ಲಿ ತೋಟಗಳನ್ನು ಕೊಂಡು, ಕಾವಲಿಗೆಂದು ದೊಡ್ಡ ಜಾತಿಯ ನಾಯಿಯನ್ನು ತಂದು ಮರದ ಬುಡದಲ್ಲಿ ಸರಪಣಿಯಿಂದ ಬಿಗಿದು ಬರುವರು. ಯಜಮಾನರು ಕಾಣಿಸಿಕೊಳ್ಳುವುದು ಭಾನುವಾರ. ರೋಗವು ಕಾಲಿಡುವುದು ಸೋಮವಾರ. ಆದುದರಿಂದ ನನ್ನ ಮಾತುಗಳು ಮುಖ್ಯವಾಗಿ ಇಂತಹ ಯಜಮಾನರನ್ನು ಕುರಿತವು.

ನಾಯಿಯನ್ನು ಪೀಡಿಸುವ ಜಂತುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು: ರಕ್ತವನ್ನು ಹೀರತಕ್ಕವು ಒಂದು ಬಗೆ, ವಿಷದಿಂದ ಕುಟುಕತಕ್ಕವು ಇನ್ನೊಂದು ಬಗೆ. ಮೊದಲನೆಯವು ಮೆಲ್ಲಗೆ ಕೊಲ್ಲುವುವು, ಎರಡನೆಯವು ಬೇಗನೆ.

ಮೊದಲನೆಯ ಬಗೆಯಲ್ಲಿ ಅಗ್ರಸ್ಥಾನವು ಉಣ್ಣಿಗೆ ಸಲ್ಲುವುದು. ಶಾಸ್ತ್ರರೀತ್ಯಾ ಉಣ್ಣಿಯು ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲುಗಳು. ಬೆಳೆದ ಉಣ್ಣಿಗೆ ಎಂಟು. ಅದು ಜೇಡ ಚೇಳುಗಳ ಬಳಗಕ್ಕೆ ಸೇರಿದುದು. ಅದು ರಕ್ತವನ್ನು ಕುಡಿಯುವುದಷ್ಟೇ ಅಲ್ಲ, ರೋಗಾಣುಗಳನ್ನೂ ತಂದು ಬಿತ್ತುವುದು. ಉಣ್ಣಿಯು ರೋಗವಾಹಕವೆಂಬುದನ್ನು 1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ದನಗಳ ಜ್ವರದ ವಿಷಯದಲ್ಲಿ ಸಿದ್ಧಪಡಿಸಿದರು. ನಮ್ಮ ನಾಡಿನಲ್ಲಿಯೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸತ್ತಾಗ, ಆ ರೋಗವನ್ನು ಹರಡಿದುದು ಕಾಡಿನ ಉಣ್ಣಿಯೆಂದು ತಿಳಿದುಬಂದಿತು. ನಾಯಿಯ ಮೈಮೇಲಿನ ಕಂದು ಉಣ್ಣಿಯು ಬೇರೆಯ ಜಾತಿಯದು; ಅದು ತರುವ ರೋಗಗಳೂ ಬೇರೆ.

ಅವುಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಒಂದು ಬೆಬೀಸಿಯಾ, ಇದು ರಕ್ತದ ಕೆಂಪುಕಣಗಳನ್ನು ಒಡೆಯುವುದು. ಇನ್ನೊಂದು ಎರ್ಲಿಕಿಯಾ, ಇದು ಬಿಳಿಯ ಕಣಗಳನ್ನು ಹಿಡಿಯುವುದು. ಈ ಎರಡನೆಯದನ್ನು 1935ರಲ್ಲಿ ಆಲ್ಜೀರಿಯ ದೇಶದಲ್ಲಿ ಮೊದಲು ಗುರುತಿಸಿದರು. ಅನಂತರ ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1960ರ ದಶಕದ ಕೊನೆಗೆ, ಅಮೆರಿಕದ ಸೈನ್ಯದ ನಾಯಿಗಳು, ಅದರಲ್ಲಿಯೂ ಜರ್ಮನ್ ಷೆಪರ್ಡ್ ಜಾತಿಯವು, ಇದರಿಂದ ಹೇರಳವಾಗಿ ಸತ್ತವು. ಗುಂಡಿಗೆ ಹೆದರದ ನಾಯಿಗಳು ಉಣ್ಣಿಗೆ ಬಲಿಯಾದವು. ಲಕ್ಷಣಗಳು ಹೀಗಿರುವುವು: ಜ್ವರ, ಅನ್ನದ ಮೇಲೆ ಅನಾಸಕ್ತಿ, ಒಸಡು ಬೆಳ್ಳಗಾಗುವುದು, ಮೂತ್ರದ ಬಣ್ಣ ಕಪ್ಪಾಗುವುದು, ಕೆಲವು ವೇಳೆ ಮೂಗಿನಿಂದ ರಕ್ತ ಸುರಿಯುವುದು. ಬೇಗನೆ ರಕ್ತಪರೀಕ್ಷೆ ಮಾಡಿಸಿದರೆ ಔಷಧವುಂಟು. “ಬಿಸಿಲಿಗೆ ಸೊರಗಿದೆ, ನಾಳೆ ಸರಿಹೋದೀತು” ಎಂದು ವಾರಗಟ್ಟಲೆ ತಡೆದರೆ ಔಷಧವೂ ಸೋಲುವುದು.

ಉಣ್ಣಿಯನ್ನು ಗೆಲ್ಲಬೇಕಾದರೆ ಅದರ ಜೀವನಕ್ರಮವನ್ನು ತಿಳಿಯಬೇಕು. ಹೆಣ್ಣು ಉಣ್ಣಿಯು ರಕ್ತ ಕುಡಿದು ಹೆಸರುಕಾಳಿಗಿಂತ ದಪ್ಪವಾಗಿ ಊದಿಕೊಂಡು ನಾಯಿಯಿಂದ ಕೆಳಗೆ ಬೀಳುವುದು. ಬಿದ್ದುದು ಮಣ್ಣಿನಲ್ಲಿಯೇ ಉಳಿಯದೆ ಗೋಡೆಯನ್ನು ಹತ್ತಿ ಬಿರುಕಿನಲ್ಲಿ ಸೇರಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುವುದು. ಮರಿಗಳು ಮತ್ತೆ ನಾಯಿಯನ್ನು ಹತ್ತಿ, ಮತ್ತೆ ಇಳಿದು, ಪೊರೆ ಕಳಚಿ, ಮೂರು ಸಲ ಹೀಗೆ ಹತ್ತಿ ಇಳಿಯುವುವು. ಆಹಾರವಿಲ್ಲದೆ ಅವು ತಿಂಗಳುಗಟ್ಟಲೆ ಬದುಕಿರಬಲ್ಲವು. ಆದಕಾರಣ ನಾಯಿಯ ಮೈಯನ್ನು ಮಾತ್ರ ಶುದ್ಧಿಮಾಡುವವನು ಅರ್ಧ ಕೆಲಸವನ್ನು ಸಹ ಮಾಡಿದಂತಲ್ಲ. ನಾಯಿಯ ಗೂಡಿನ ಗೋಡೆಗೆ ಗಾರೆ ಮಾಡಿಸಿ ಬಿರುಕುಗಳನ್ನು ಮುಚ್ಚಬೇಕು. ಹಳೆಯ ಗೋಣಿಯನ್ನು ಸುಟ್ಟುಹಾಕಬೇಕು. ಹಾಸುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಇದರಿಂದ ಚಿಗಟಗಳೂ ಅಡಗುವುವು.

ಮೈಗೆ ಅಂಟಿದ ಉಣ್ಣಿಯನ್ನು ತೆಗೆಯುವುದಕ್ಕೆ ಚಿಮುಟವೇ ಸಾಕು. ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೆಟ್ಟಗೆ ಎಳೆದು, ಸ್ಪಿರಿಟ್ಟಿನಲ್ಲಿ ಹಾಕಬೇಕು. ಬೆರಳಿನಿಂದ ಹೊಸಕಬಾರದು. ಊದುಬತ್ತಿಯಿಂದ ಸುಡುವುದೂ ಸೀಮೆಎಣ್ಣೆ ಸವರುವುದೂ ನಮ್ಮಲ್ಲಿ ರೂಢಿಯಲ್ಲಿವೆ, ಎರಡೂ ಕೆಟ್ಟವು. ಸೀಮೆಎಣ್ಣೆಯು ಚರ್ಮವನ್ನು ಬೇಯಿಸುವುದಲ್ಲದೆ, ನಾಯಿಯು ನೆಕ್ಕಿಕೊಂಡಾಗ ಶ್ವಾಸಕೋಶವನ್ನೂ ಕೆಡಿಸುವುದು. ಕಿವಿಯ ಒಳಭಾಗ, ಬೆರಳುಗಳ ಸಂದು, ಕತ್ತಿನ ಪಟ್ಟಿಯ ಅಡಿ, ಬಾಲದ ಬುಡ, ಇವು ಉಣ್ಣಿಗಳ ನೆಲೆಗಳು. ದಿನಕ್ಕೊಂದು ಸಲ ಕೈಯಾಡಿಸಿ ನೋಡುವುದು ಉತ್ತಮ.

ಈಗ ಪಶುವೈದ್ಯರು ತಿಂಗಳಿಗೊಮ್ಮೆ ಬೆನ್ನಿಗೆ ಹಾಕುವ ಹನಿಗಳನ್ನೂ, ಕತ್ತಿಗೆ ಕಟ್ಟುವ ಔಷಧದ ಪಟ್ಟಿಗಳನ್ನೂ, ತಿನ್ನಿಸುವ ಗುಳಿಗೆಗಳನ್ನೂ ಕೊಡುವರು. ಇವೆಲ್ಲವನ್ನೂ ನಾಯಿಯ ತೂಕಕ್ಕೆ ತಕ್ಕಂತೆ ಅಳೆಯಬೇಕು. 40 ಕಿಲೋಗ್ರಾಮ್ ತೂಗುವ ನಾಯಿಗೆ ಸಣ್ಣ ನಾಯಿಯ ಅಳತೆಯನ್ನು ಹಾಕಿ, ಔಷಧವೇ ಸರಿಯಿಲ್ಲವೆಂದು ದೂರುವುದು ನ್ಯಾಯವಲ್ಲ. ದೊಡ್ಡ ನಾಯಿಯ ಔಷಧವನ್ನು ಸಣ್ಣ ನಾಯಿಗೆ ಹಾಕುವುದು ಅದಕ್ಕಿಂತಲೂ ಕೆಟ್ಟದ್ದು. ಪರ್ಮೆಥ್ರಿನ್ ಎಂಬ ಔಷಧವುಳ್ಳ ಹನಿಗಳು ನಾಯಿಗೆ ಹಿತವಾದರೂ ಬೆಕ್ಕಿಗೆ ಮಾರಕ. ಮನೆಯಲ್ಲಿ ಬೆಕ್ಕಿದ್ದವರು ಎಚ್ಚರದಿಂದಿರಬೇಕು. ಕಾಲಿ ಜಾತಿಯ ಹಲವು ನಾಯಿಗಳಿಗೆ ಐವರ್ಮೆಕ್ಟಿನ್ ಹೆಚ್ಚಿನ ಪ್ರಮಾಣದಲ್ಲಿ ವಿಷವಾಗುವುದು. ಬೆಳ್ಳುಳ್ಳಿಯನ್ನು ತಿನ್ನಿಸಿದರೆ ಉಣ್ಣಿ ಬರುವುದಿಲ್ಲವೆಂದು ಹೇಳುವವರಿದ್ದಾರೆ. ಬೆಳ್ಳುಳ್ಳಿಯೂ ಈರುಳ್ಳಿಯೂ ನಾಯಿಯ ರಕ್ತಕಣಗಳನ್ನು ಹಾಳುಮಾಡುವುವು.

ಜಾತಿಯಿಂದ ಜಾತಿಗೆ ಉಪಚಾರದ ಕ್ರಮವೂ ಸ್ವಲ್ಪ ಬೇರೆಯಾಗುವುದು. ನಮ್ಮ ಹೆಮ್ಮೆಯ ಮುಧೋಳದ ನಾಯಿಯನ್ನು ನೋಡಿ. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ಈ ತಳಿಯ ಚಿತ್ರವನ್ನು 2005ರಲ್ಲಿ ಭಾರತದ ಅಂಚೆಚೀಟಿಯಲ್ಲಿ ಮುದ್ರಿಸಿದರು. ಅದರ ಕೂದಲು ಗಿಡ್ಡ, ಚರ್ಮ ತೆಳು. ಉಣ್ಣಿಯು ಬೇಗ ಕಣ್ಣಿಗೆ ಬೀಳುವುದು, ಆದರೆ ನೊಣ ಸೊಳ್ಳೆಗಳು ಸುಲಭವಾಗಿ ಕಚ್ಚುವುವು. ಜರ್ಮನ್ ಷೆಪರ್ಡಿನ ದಟ್ಟವಾದ ಕೂದಲಿನಲ್ಲಿ ಉಣ್ಣಿಯು ಅಡಗಿಕೊಳ್ಳುವುದು. ಕಚ್ಚುವ ನೊಣಗಳಿಗೆ ಅದರ ನಿಮಿರಿದ ಕಿವಿಯ ತುದಿಗಳೇ ಗುರಿ. ಈ ನೊಣವು ಸಗಣಿಯೂ ಕೊಳೆತ ಹುಲ್ಲೂ ಬೆರೆತಲ್ಲಿ ಹುಟ್ಟುವುದು. ಕಿವಿಯ ಹುಣ್ಣಿನ ಮೇಲೆ ಬೇರೆ ಜಾತಿಯ ನೊಣವು ಮೊಟ್ಟೆಯಿಟ್ಟರೆ ಒಂದೆರಡು ದಿನಗಳಲ್ಲಿ ಹುಳು ಬೀಳುವುದು. ಆದುದರಿಂದ ನಾಯಿಯ ಗೂಡನ್ನು ತಿಪ್ಪೆಯಿಂದಲೂ ಕೊಟ್ಟಿಗೆಯಿಂದಲೂ ದೂರದಲ್ಲಿ ಕಟ್ಟಬೇಕು. ಕಿವಿಯ ತುದಿಗೆ ವ್ಯಾಸಲೀನನ್ನು ಸವರಬಹುದು. ಸೊಳ್ಳೆಯು ನಾಯಿಯ ಮೈಗೆ ದಾರದಂತಹ ಹುಳುಗಳನ್ನು ಸೇರಿಸಬಲ್ಲದು. ನೀರಿನ ತೊಟ್ಟಿಯನ್ನು ಆಗಾಗ ಬರಿದುಮಾಡಿ ತುಂಬಿಸುವುದು ಇದಕ್ಕೆ ಮೊದಲನೆಯ ತಡೆ.

ಇನ್ನು ಕುಟುಕುವ ಕೀಟಗಳ ವಿಚಾರ. ದ್ರಾಕ್ಷಿ ಹಣ್ಣಾಗುವ ಕಾಲದಲ್ಲಿ ಚಪ್ಪರಕ್ಕೆ ಕಡಜಗಳು ಮುತ್ತುವುವು. ಆಟದ ಸ್ವಭಾವದ ನಾಯಿಯು ಅವುಗಳನ್ನು ಬಾಯಿಂದ ಹಿಡಿಯಹೋಗುವುದು. ಚಪ್ಪರದ ಅಡಿಯಲ್ಲಿ ನಾಯಿಯನ್ನು ಕಟ್ಟದಿರುವುದಕ್ಕೆ ಇನ್ನೊಂದು ಕಾರಣವುಂಟು: ಉದುರಿದ ದ್ರಾಕ್ಷಿಯನ್ನು ತಿಂದರೆ ನಾಯಿಯ ಮೂತ್ರಪಿಂಡಗಳು ಕೆಡಬಹುದು.

ಜೇನು ಕುಟುಕಿದಾಗ ಮುಳ್ಳು ಚರ್ಮದಲ್ಲಿ ಉಳಿದು, ಅದರ ಹಿಂದಿನ ಚೀಲವು ಇನ್ನೂ ವಿಷವನ್ನು ಒತ್ತುತ್ತಿರುವುದು. ಆದುದರಿಂದ ಮುಳ್ಳನ್ನು ಹೇಗೆ ತೆಗೆಯಬೇಕೆಂಬುದಕ್ಕಿಂತ ಎಷ್ಟು ಬೇಗ ತೆಗೆಯುವೆವು ಎಂಬುದೇ ಮುಖ್ಯ. ಉಗುರಿನಿಂದ ಕೆರೆದು ತೆಗೆದರೂ ಆದೀತು. ಕಡಜವು ಮುಳ್ಳನ್ನು ಬಿಡುವುದಿಲ್ಲ. ಮತ್ತೆ ಮತ್ತೆ ಕುಟುಕಬಲ್ಲದು. ಬಳಿಕ ತಣ್ಣೀರಿನ ಬಟ್ಟೆಯನ್ನು ಒತ್ತಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಬಾಯಿಯೊಳಗೆ ಅಥವಾ ಗಂಟಲಿನಲ್ಲಿ ಕುಟುಕಿದ್ದರೆ, ಉಸಿರಾಟ ಕಷ್ಟವಾದರೆ, ವಾಂತಿಯಾದರೆ, ಕಾಲು ತಡವರಿಸಿದರೆ, ಒಸಡು ಬೆಳ್ಳಗಾದರೆ, ಕೂಡಲೇ ಪಶುವೈದ್ಯಶಾಲೆಗೆ ಒಯ್ಯಬೇಕು. ವಿಷವು ಒಗ್ಗದ ನಾಯಿಗೆ ಒಂದೇ ಕುಟುಕು ಸಾಕು. ಆಗ ದೇಹದ ಗಾತ್ರವು ರಕ್ಷಣೆಯಾಗದು.

ಹೆಜ್ಜೇನಿನ ದಾಳಿಯು ಇದೆಲ್ಲಕ್ಕಿಂತ ಭಯಂಕರವಾದುದು. ಎತ್ತರವಾದ ಮರಗಳಲ್ಲಿಯೂ ನೀರಿನ ತೊಟ್ಟಿಗಳ ಅಡಿಯಲ್ಲಿಯೂ ಅದು ಬಯಲಾಗಿ ಗೂಡು ಕಟ್ಟುವುದು. ಒಂದು ಹುಳು ಕುಟುಕಿದೊಡನೆ ಹೊರಡುವ ವಾಸನೆಯು ಉಳಿದವುಗಳನ್ನು ಅದೇ ಜಾಗಕ್ಕೆ ಕರೆಯುವುದು. ದೇಹದ ಒಂದು ಕಿಲೋಗ್ರಾಮ್ ತೂಕಕ್ಕೆ ಸುಮಾರು 20 ಕುಟುಕುಗಳಾದರೆ ಪ್ರಾಣಾಪಾಯವೆಂದು ಸ್ಥೂಲವಾಗಿ ಎಣಿಸುವರು. ಈ ಲೆಕ್ಕದಲ್ಲಿ 35 ಕಿಲೋಗ್ರಾಮಿನ ನಾಯಿಯು 700 ಕುಟುಕುಗಳವರೆಗೆ ತಾಳೀತೆಂದು ಸಮಾಧಾನಪಡುವಂತಿಲ್ಲ. ದೊಡ್ಡ ಗೂಡಿನಲ್ಲಿ ಹತ್ತಾರು ಸಾವಿರ ಹುಳುಗಳಿರುವುವು. ಅನೇಕ ಕುಟುಕುಗಳನ್ನು ತಿಂದ ನಾಯಿಯು ಆ ದಿನ ಚೇತರಿಸಿಕೊಂಡಂತೆ ಕಂಡರೂ ಎರಡು ಮೂರು ದಿನಗಳಲ್ಲಿ ಮೂತ್ರಪಿಂಡಗಳು ಸೋಲಬಹುದು, ವೈದ್ಯರಿಗೆ ತೋರಿಸಲೇಬೇಕು.

ಹೆಜ್ಜೇನಿಗೆ ನಾಯಿಯ ಬಳಿ ಇರುವ ಉಪಾಯ ಒಂದೇ: ಓಡುವುದು. ಸರಪಣಿಯು ಅದನ್ನೇ ಕಿತ್ತುಕೊಳ್ಳುವುದು. ಬಿಟ್ಟಿದ್ದ ನಾಯಿಯು ಓಡಿಯೋ ಪೊದೆ ನುಗ್ಗಿಯೋ ಬದುಕೀತು; ಕಟ್ಟಿದ ನಾಯಿಯು ನಿಂತಲ್ಲಿಯೇ ಸುತ್ತುತ್ತ ಸಾಯುವುದು. ಇದು ಕೀಟದ ಅಪರಾಧವಲ್ಲ, ಕಟ್ಟಿದವರ ಅಪರಾಧ. ಆದಕಾರಣ ಗೂಡಿರುವ ಮರದ ಬಳಿ ನಾಯಿಯನ್ನು ಎಂದಿಗೂ ಕಟ್ಟಕೂಡದು. ತೋಟಕ್ಕೆ ಬೇಲಿ ಹಾಕಿ ನಾಯಿಯನ್ನು ಬಿಡುವುದು ಉತ್ತಮ. ಕಟ್ಟಲೇಬೇಕಾದಲ್ಲಿ, ಉದ್ದನೆಯ ತಂತಿಗೆ ಉಂಗುರವನ್ನು ಪೋಣಿಸಿ, ನಾಯಿಯು ಓಡಿಹೋಗಿ ಅಡಗಿಕೊಳ್ಳಬಲ್ಲ ಕತ್ತಲೆಯ ಗೂಡೊಂದನ್ನು ಅದರ ಕೊನೆಯಲ್ಲಿ ಕಟ್ಟಿ, ಬಾಗಿಲಿಗೆ ದಪ್ಪನಾದ ಗೋಣಿಯ ಪರದೆಯನ್ನು ಇಳಿಬಿಡಬೇಕು. ಯಾರಾದರೂ ಜೇನು ಕೀಳುವುದಕ್ಕೆ ಬಂದರೆ, ಹೊಗೆ ಹಾಕುವ ಮೊದಲು ನಾಯಿಯನ್ನೂ ಹಸುಗಳನ್ನೂ ಬಿಚ್ಚಿ ದೂರಕ್ಕೆ ಒಯ್ಯಬೇಕು. ತೋಟದ ಕಾವಲುಗಾರನಿಗೆ ಈ ವಿಷಯಗಳನ್ನೆಲ್ಲ ತಿಳಿಸಿ, ಪಶುವೈದ್ಯರ ಟೆಲಿಫೋನ್ ಸಂಖ್ಯೆಯನ್ನೂ ವಾಹನದ ಖರ್ಚಿಗೆ ಹಣವನ್ನೂ ಅವನ ಕೈಯಲ್ಲಿಟ್ಟು ಬರಬೇಕು.

ನಾಯಿಯ ನಿಷ್ಠೆಯನ್ನು ಹೊಗಳುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನಿಷ್ಠೆಗೆ ಪ್ರತಿಯಾಗಿ ನಾವು ಸಲ್ಲಿಸಬೇಕಾದುದು ದೊಡ್ಡದೇನೂ ಅಲ್ಲ: ಒಂದು ಚಿಮುಟ, ಒಂದು ಶುಚಿಯಾದ ಗೂಡು, ತೂಕಕ್ಕೆ ತಕ್ಕ ಔಷಧ, ಓಡುವುದಕ್ಕೆ ಅವಕಾಶ, ಮತ್ತು ದಿನಕ್ಕೆ ಹತ್ತು ನಿಮಿಷಗಳ ಕಣ್ಣು. ಇಷ್ಟನ್ನು ತಾವೂ ಮಾಡಲಾರದವರು, ಮಾಡುವವರನ್ನೂ ನೇಮಿಸಲಾರದವರು, ತೋಟಕ್ಕೆ ನಾಯಿಯನ್ನು ತರದೆ ಒಳ್ಳೆಯ ಬೀಗವೊಂದನ್ನು ಕೊಳ್ಳುವುದು ಲೇಸು.