ರಿವರ್ಸ್ ಗೇರು ಬೀಳದಿದ್ದರೆ ಮೊದಲು ನೋಡತಕ್ಕದ್ದೇನು?

(ಕುರುಗೋಡು ಭಾಗದ ಹಳ್ಳಿಯೊಂದರ ರೈತರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕನು ಬಂದನೆಂದರೆ ಬೀಜ, ಗೊಬ್ಬರ, ಔಷಧಿಯ ಮಾತೇ ಎಂದು ತಾವು ತಿಳಿದಿರುತ್ತೀರಿ. ಈ ದಿನ ಮೆಣಸಿನ ಗಿಡದ ಮುಟುರು ರೋಗವನ್ನು ಸ್ವಲ್ಪ ಬದಿಗಿಟ್ಟು ಕಾರಿನ ವಿಷಯ ಹೇಳಬೇಕೆಂದಿದ್ದೇನೆ. ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಮೇಸ್ತ್ರಿಯಲ್ಲ. ಆದರೂ ಹೇಳಲು ಕಾರಣವುಂಟು.

ಹೋದ ಮಳೆಗಾಲದಲ್ಲಿ ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ರಾತ್ರಿ ಉಳಿದುಕೊಂಡಿದ್ದೆ. ನಡುರಾತ್ರಿ ಆ ಮನೆಯ ಯಜಮಾನರ ತಾಯಿಗೆ ಎದೆನೋವು ಬಂತು. ಮನೆಯಲ್ಲಿಯೇ ಕಾರಿತ್ತು. ಅಜ್ಜಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಕಾರಿನ ಮೂತಿ ದನದ ಕೊಟ್ಟಿಗೆಯ ಗೋಡೆಗೆ ಹತ್ತಿಕೊಂಡು ನಿಂತಿತ್ತು. ಹಿಂದಕ್ಕೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ಮಗನು ಕ್ಲಚ್ಚು ಒತ್ತಿ ಗೇರಿನ ಕೋಲನ್ನು ಎಳೆದರೆ ಗರ್ರೆಂದು ಸದ್ದು. ಮತ್ತೆ ಎಳೆದರೂ ಅದೇ ಸದ್ದು. "ರಿವರ್ಸ್ ಬೀಳವಲ್ದ್ರೀ ಸಾರ್" ಎಂದು ಅವನು ಅಳುವಂತಾದನು. ಕಡೆಗೆ ಓಣಿಯ ಹುಡುಗರನ್ನೆಬ್ಬಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೆಸರಿನಲ್ಲಿ ಕಾರನ್ನು ಹಿಂದಕ್ಕೆ ತಳ್ಳಿ ದಾರಿಗೆ ಹಚ್ಚಿದೆವು. ಸಿರುಗುಪ್ಪದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸುಮಾರು 55 ಕಿಲೋಮೀಟರು. ಅಜ್ಜಿ ಉಳಿದುಕೊಂಡರು. ಆದರೆ ಅಂಗಳದಲ್ಲಿ ಕಳೆದುಹೋದ ಆ ಕಾಲು ಗಂಟೆಯನ್ನು ನಾನು ಮರೆತಿಲ್ಲ.

ಮರುದಿನ ಒಂದು ಗ್ಯಾರೇಜಿನಲ್ಲಿ ತೋರಿಸಿದರೆ, ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಬೇಕು, ಬಹಳ ಖರ್ಚಾಗುತ್ತದೆ ಎಂದರು. ನಾನೂ ಬುದ್ಧಿವಂತನಂತೆ, ಮೊದಲು ಗೇರ್ ಆಯಿಲ್ ಬದಲಿಸಿ ನೋಡಿ ಎಂದು ಸಲಹೆ ಕೊಟ್ಟೆ. ಆಯಿಲಿನ ಹಣ ಹೋಯಿತು, ಸದ್ದು ಹೋಗಲಿಲ್ಲ. ನಿಜವಾದ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ.

ಎತ್ತುಗಳು ಮುಂದಕ್ಕೆ ಹೋಗುವಷ್ಟು ಸುಲಭವಾಗಿ ಹಿಂದಕ್ಕೆ ಸರಿಯುವುದಿಲ್ಲ. ನೊಗ ಹೊತ್ತ ಜೋಡಿಯನ್ನು ಹಿಂದಕ್ಕೆ ಸರಿಸಬೇಕಾದರೆ ಮೊದಲು ನಿಲ್ಲಿಸಿ, ಮೈದಡವಿ, ಆಮೇಲೆ ಸರಿಸುತ್ತೇವೆ. ಕಾರಿನ ಗೇರ್‌ಬಾಕ್ಸೂ ಹೆಚ್ಚುಕಡಿಮೆ ಹಾಗೆಯೇ. ಮುಂದಿನ ಗೇರುಗಳಿಗೆ ಸಿಂಕ್ರೋಮೆಶ್ ಎಂಬ ಏರ್ಪಾಡುಂಟು. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಇದು 1928ರಲ್ಲಿ ಮೊದಲು ಬಂತು. ಒಂದು ಬೇಗ, ಒಂದು ನಿಧಾನವಾಗಿ ತಿರುಗುತ್ತಿರುವ ಎರಡು ಭಾಗಗಳನ್ನು ಇದು ಉಜ್ಜಿ ಸಮವೇಗಕ್ಕೆ ತಂದು, ಆಮೇಲೆ ಹಲ್ಲು ಕೂಡಿಸುತ್ತದೆ. ರಿವರ್ಸ್ ಗೇರಿಗೆ ಮಾತ್ರ ಬಹಳ ಕಾರುಗಳಲ್ಲಿ ಈ ಏರ್ಪಾಡಿಲ್ಲ. ಹೇಗಿದ್ದರೂ ಗಾಡಿ ನಿಂತ ಮೇಲೆಯೇ ಹಾಕುವ ಗೇರಲ್ಲವೇ ಎಂದು ಬಿಟ್ಟಿದ್ದಾರೆ. ನೇರ ಹಲ್ಲಿನ ಒಂದು ಸಣ್ಣ ಚಕ್ರವು ಸರಿದು ಬಂದು ಬೇರೆರಡು ಚಕ್ರಗಳ ನಡುವೆ ಕೂಡಬೇಕು. ಹಿಂದಕ್ಕೆ ಹೋಗುವಾಗ ಕಾರು ಗುಂಯ್ಯೆನ್ನುವುದೂ ಈ ನೇರ ಹಲ್ಲಿನಿಂದಲೇ, ಅದು ದೋಷವಲ್ಲ.

ಇನ್ನು ಕ್ಲಚ್ಚು. ಅದನ್ನು ಒತ್ತಿದಾಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಆದರೆ ಕುಂಬಾರನು ಕೈ ತೆಗೆದರೂ ತಿಗುರಿ ಸ್ವಲ್ಪ ಹೊತ್ತು ತಿರುಗುವಂತೆ, ಒಳಗಿನ ಚಕ್ರಗಳು ಇನ್ನೂ ತಿರುಗುತ್ತಿರುತ್ತವೆ. ಆಗಲೇ ರಿವರ್ಸಿಗೆ ಎಳೆದರೆ ತಿರುಗುವ ಹಲ್ಲಿಗೆ ನಿಂತ ಹಲ್ಲು ತಾಕಿ ಗರ್ರೆನ್ನುತ್ತದೆ. ಆದ್ದರಿಂದ ಗಾಡಿಯನ್ನು ಪೂರ್ಣ ನಿಲ್ಲಿಸಿ, ಕ್ಲಚ್ಚನ್ನು ತಳದವರೆಗೆ ಒತ್ತಿ, ಎರಡು ಮೂರು ಎಣಿಸುವಷ್ಟು ತಾಳಿ ಗೇರು ಹಾಕತಕ್ಕದ್ದು. ಇನ್ನೂ ಒಳ್ಳೆಯ ಉಪಾಯವೆಂದರೆ, ಕ್ಲಚ್ಚು ಒತ್ತಿದಂತೆಯೇ ಮೊದಲು ಒಂದನೆಯ ಗೇರಿಗೋ ಎರಡನೆಯ ಗೇರಿಗೋ ಹಾಕಿ, ಅಲ್ಲಿಂದ ರಿವರ್ಸಿಗೆ ಬರುವುದು. ಮುಂದಿನ ಗೇರಿನ ಸಿಂಕ್ರೋಮೆಶ್ ಒಳಗಿನ ಚಕ್ರಗಳನ್ನು ನಿಲ್ಲಿಸಿ ಕೊಡುತ್ತದೆ.

ಕೆಲವು ವೇಳೆ ಸದ್ದೇ ಇರುವುದಿಲ್ಲ, ಆದರೆ ಕೋಲು ಅರ್ಧಕ್ಕೆ ನಿಂತುಬಿಡುತ್ತದೆ. ಅಂದರೆ ಹಲ್ಲಿನ ತುದಿಗೆ ಹಲ್ಲಿನ ತುದಿಯೇ ಎದುರಾಗಿದೆ. ಅಲ್ಲಿ ಬಲಪ್ರಯೋಗ ಮಾಡಬಾರದು. ನ್ಯೂಟ್ರಲ್‌ಗೆ ತಂದು, ಕ್ಲಚ್ಚನ್ನು ಒಮ್ಮೆ ಬಿಟ್ಟು, ಪುನಃ ಒತ್ತಿ ಹಾಕಿದರೆ ಹಲ್ಲುಗಳು ಅಷ್ಟಿಷ್ಟು ತಿರುಗಿ ದಾರಿ ಬಿಡುತ್ತವೆ. ಹೊಸದಾಗಿ ಕಾರು ಕೊಂಡವರು ಇನ್ನೊಂದು ಸಂಗತಿ ನೆನಪಿಡಬೇಕು. ಕೆಲವು ಕಾರುಗಳಲ್ಲಿ ಗೇರಿನ ಗುಂಡಿಯ ಕೆಳಗಿನ ಉಂಗುರವನ್ನು ಮೇಲೆತ್ತಿದರೆ ಮಾತ್ರ ರಿವರ್ಸ್ ಬೀಳುತ್ತದೆ. ಕೆಲವುಗಳಲ್ಲಿ ಕೋಲನ್ನು ಕೆಳಕ್ಕೆ ಅದುಮಬೇಕು. ಅರಿಯದೆ ಎಳೆದಾಡಿ, ಕಾರು ಕೆಟ್ಟಿದೆಯೆಂದು ಬಳ್ಳಾರಿಗೆ ಫೋನು ಮಾಡಿದವರನ್ನು ನಾನು ಕಂಡಿದ್ದೇನೆ. ಹೆಸರು ಹೇಳುವುದಿಲ್ಲ, ಅವರು ಇಲ್ಲಿಯೇ ಕುಳಿತಿದ್ದಾರೆ.

ಇಷ್ಟು ಮಾಡಿದರೂ ಬೀಳದಿದ್ದರೆ ಒಂದು ಪರೀಕ್ಷೆ ಮಾಡಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕು ಎಳೆದು, ಎಂಜಿನ್ ನಿಲ್ಲಿಸಿ, ಕ್ಲಚ್ಚು ಒತ್ತಿ ರಿವರ್ಸಿಗೆ ಹಾಕಿ ನೋಡಿರಿ. ಎಂಜಿನ್ ನಿಂತಾಗ ಸಲೀಸಾಗಿ ಬಿದ್ದು, ಓಡುವಾಗ ಮಾತ್ರ ಗರ್ರೆಂದರೆ ರೋಗವಿರುವುದು ಬಹುಮಟ್ಟಿಗೆ ಗೇರ್‌ಬಾಕ್ಸಿನಲ್ಲಲ್ಲ, ಕ್ಲಚ್ಚಿನಲ್ಲಿ. ಅದು ಪೂರ್ತಿ ಬಿಡುತ್ತಿಲ್ಲ. ಎಂಜಿನ್ ನಿಂತಾಗಲೂ ಬೀಳದಿದ್ದರೆ, ಕೋಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲು ಅಥವಾ ಸರಳು, ಅದರ ಸವೆದ ಬುಷ್ಷು, ಇವುಗಳನ್ನು ಮೊದಲು ನೋಡಿಸಬೇಕು. ಅವು ಸರಿಯಿದ್ದರೆ ಆಗ ಗೇರ್‌ಬಾಕ್ಸು ಬಿಚ್ಚುವ ಮಾತು. ಮೇಸ್ತ್ರಿಯ ಮುಂದೆ "ರಿವರ್ಸ್ ಬೀಳುವುದಿಲ್ಲ" ಎಂದಷ್ಟೇ ಹೇಳಬೇಡಿ. ಈ ಪರೀಕ್ಷೆಯ ಫಲವನ್ನೂ ಹೇಳಿರಿ. ಒಳ್ಳೆಯ ಮೇಸ್ತ್ರಿಗೆ ಅರ್ಧ ಕೆಲಸ ಉಳಿಯುತ್ತದೆ.

ಕ್ಲಚ್ಚು ಪೂರ್ತಿ ಬಿಡದಿರಲು ಕಾರಣಗಳು ಹಲವು. ಕೇಬಲ್ಲಿನ ಕ್ಲಚ್ಚಾದರೆ ಕೇಬಲ್ಲು ಜಗ್ಗಿ ಸಡಿಲಾಗಿರುತ್ತದೆ. ಪೆಡಲಿನ ಆಟ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದಕ್ಕೆ ಸರಿಯಾಗಿ ಬಿಗಿಸತಕ್ಕದ್ದು. ಬಿಗಿಸಿದ್ದು ಹೆಚ್ಚಾಗಿ ಆಟವೇ ಇಲ್ಲದಂತಾದರೆ ಕ್ಲಚ್ಚು ಜಾರಿ ಪ್ಲೇಟು ಸುಡುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚಾದರೆ, ಎಣ್ಣೆ ಸೋರಿರಬಹುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟು ಮಾಡಿದಾಗ ಗೇರು ಬಿದ್ದರೆ ಇದೇ ರೋಗವೆಂದು ತಿಳಿಯಿರಿ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಎಣ್ಣೆಬುಡ್ಡಿ. ಆದ್ದರಿಂದ ಎಣ್ಣೆ ಇಳಿದದ್ದು ಕಂಡರೆ ನಾಳೆ ನೋಡೋಣವೆನ್ನಬಾರದು.

ನಮ್ಮ ಭತ್ತದ ಸೀಮೆಗೆ ವಿಶೇಷವಾದದ್ದು ಮತ್ತೊಂದುಂಟು. ಕಾಲುವೆಗೆ ನೀರು ಬಂದಾಗ ಟ್ರ್ಯಾಕ್ಟರನ್ನು ಕೆಸರುಗದ್ದೆಗೆ ಇಳಿಸುತ್ತೇವೆ. ಕ್ಲಚ್ಚಿನ ಮನೆಯೊಳಗೆ ನೀರು, ರಾಡಿ ಸೇರುತ್ತದೆ. ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರನ್ನು ಹಾಗೆಯೇ ತಿಂಗಳುಗಟ್ಟಲೆ ನಿಲ್ಲಿಸಿದರೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಆಗ ಪೆಡಲು ಒತ್ತಿದರೂ ಪ್ಲೇಟು ಬಿಡುವುದಿಲ್ಲ, ಯಾವ ಗೇರೂ ನೆಟ್ಟಗೆ ಬೀಳುವುದಿಲ್ಲ. ಮನೆಯ ತಳದಲ್ಲಿ ನೀರು ಬಸಿಯುವ ತೂತಿದ್ದರೆ ಗದ್ದೆಯಿಂದ ಬಂದೊಡನೆ ಬಿರಡೆ ತೆಗೆದು ನೀರು ಬಸಿಯಬೇಕು. ಬಹಳ ದಿನ ನಿಲ್ಲಿಸುವುದಾದರೆ ಕ್ಲಚ್ ಪೆಡಲನ್ನು ಒತ್ತಿ, ಮೇಲೇಳದಂತೆ ಕಟ್ಟಿಗೆ ಸಿಕ್ಕಿಸಿಡುವ ಪದ್ಧತಿಯೂ ಒಳ್ಳೆಯದು. ಮಳೆಗಾಲವೆಲ್ಲ ನಿಂತ ಕಾರಿಗೂ ಈ ತುಕ್ಕಿನ ಕಾಟ ಬರುವುದುಂಟು. ವಾರಕ್ಕೊಮ್ಮೆ ಓಣಿ ಸುತ್ತಿಸಿ ತಂದರೆ ಸಾಕು.

ದಾರಿಯಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕು? ಎಂಜಿನ್ ನಿಲ್ಲಿಸಿ, ರಿವರ್ಸಿಗೆ ಹಾಕಿ, ಕ್ಲಚ್ಚು ಬ್ರೇಕು ಎರಡನ್ನೂ ಒತ್ತಿಕೊಂಡು ಚಾಲೂ ಮಾಡಬಹುದು. ಆದರೆ ಕ್ಲಚ್ಚು ಬಿಡದ ಗಾಡಿಯು ಕೀಲಿ ತಿರುಗಿಸಿದೊಡನೆ ಹಿಂದಕ್ಕೆ ನೆಗೆಯುತ್ತದೆ. ಕಾಲುವೆ ಏರಿಯ ಮೇಲೆ ಇದನ್ನು ಮಾಡಲೇಬೇಡಿರಿ. ಹಿಂದೆ ಮಕ್ಕಳಿಲ್ಲವೆಂದು ಒಬ್ಬರು ಇಳಿದು ನೋಡಿ ಹೇಳುವ ತನಕ ಎಲ್ಲಿಯೂ ಮಾಡಬೇಡಿರಿ. ಕಣದಲ್ಲಿ ಟ್ರೇಲರು ಹಿಂದಕ್ಕೆ ತೆಗೆಯುವಾಗಲೂ ಇದೇ ಮಾತು. ಚೀಲದ ಮರೆಯಲ್ಲಿ ಕುಳಿತ ಕೂಸು ಕನ್ನಡಿಯಲ್ಲಿ ಕಾಣುವುದಿಲ್ಲ.

ಈಗ ಆ ಸಿರುಗುಪ್ಪದ ಕಾರಿನ ಕಥೆ. ಎಂಜಿನ್ ನಿಲ್ಲಿಸಿ ಹಾಕಿ ನೋಡಿದರೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಬಗ್ಗಿ ನೋಡಿದರೆ, ಎರೆ ಮಣ್ಣಿನ ಕೆಸರು ಕಾರಿಗೆ ಹತ್ತಬಾರದೆಂದು ಮನೆಯವರು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕಾಲಡಿಯಲ್ಲಿ ಹಾಸಿದ್ದರು! ಅದು ಸರಿದು ಪೆಡಲಿನ ಕೆಳಗೆ ಸೇರಿ, ಪೆಡಲು ತಳ ಮುಟ್ಟದಂತೆ ತಡೆದಿತ್ತು. ಕೇಬಲ್ಲೂ ಸ್ವಲ್ಪ ಸಡಿಲಿತ್ತು. ಎರಡೂ ಸೇರಿ ಕ್ಲಚ್ಚು ಅರ್ಧವೇ ಬಿಡುತ್ತಿತ್ತು. ಮುಂದಿನ ಗೇರುಗಳು ಸಿಂಕ್ರೋಮೆಶ್ ಬಲದಿಂದ ಹೇಗೋ ಬೀಳುತ್ತಿದ್ದವು, ರಿವರ್ಸು ಮಾತ್ರ ಗುಟ್ಟು ರಟ್ಟು ಮಾಡಿತು. ಗೋಣಿ ತೆಗೆದು, ಕೇಬಲ್ಲಿನ ನಟ್ಟನ್ನು ಪುಸ್ತಕದ ಅಳತೆಗೆ ತಿರುಗಿಸಿದರು. ಅಷ್ಟೇ.

ಆ ಮನೆಯವರು ಈಗ ರಾತ್ರಿ ಕಾರನ್ನು ದಾರಿಗೆ ಮೂತಿ ಮಾಡಿ ನಿಲ್ಲಿಸುತ್ತಾರೆ. ಹಿಂದಕ್ಕೆ ತೆಗೆಯುವ ಕೆಲಸವನ್ನು ಬೆಳಕಿರುವಾಗಲೇ ಮುಗಿಸುತ್ತಾರೆ. ಕೂಟ ಮುಗಿದ ಮೇಲೆ ಆಂಜನೇಯ ಗುಡಿಯ ಮುಂದೆ ನಿಂತಿರುವ ಕಾರಿನಲ್ಲಿಯೇ ಈ ಪರೀಕ್ಷೆಯನ್ನು ಮಾಡಿ ತೋರಿಸುತ್ತೇನೆ. ಗಾಡಿಯ ಪುಸ್ತಕವಿದ್ದವರು ತನ್ನಿರಿ, ಪೆಡಲಿನ ಆಟದ ಅಳತೆಯನ್ನು ಅದರಲ್ಲಿ ಹುಡುಕೋಣ.