ರಣಹದ್ದಿನ ಅಧ್ಯಯನಕ್ಕೆ ನಮ್ಮ ಮಕ್ಕಳು
(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮನೆಯ ಮೇಲೆ ರಣಹದ್ದು ಕುಳಿತರೆ ಶಾಂತಿ ಮಾಡಿಸುವ ಜನ ನಾವು. ಜಟಾಯುವಿನ ಕಥೆಗೆ ಕಣ್ಣೀರಿಡುವವರೂ ನಾವೇ. ಆ ಪಕ್ಷಿಯ ರಕ್ಷಣೆಯಲ್ಲಿ ನಿಮ್ಮ ಮಕ್ಕಳಿಗೆ ಉನ್ನತ ಸಂಶೋಧನೆಯ ಅವಕಾಶವಿದೆಯೆಂದು ಹೇಳಲು ಬಂದಿದ್ದೇನೆ, ನಗಬೇಡಿ.

ಮಲಬಾರ್ ಹಿಲ್‌ನ ಪಾರಸಿ ಮೌನಗೋಪುರಗಳ ಮೇಲೆ ಸುತ್ತುತ್ತಿದ್ದ ಹದ್ದುಗಳನ್ನು ಇಲ್ಲಿನ ಹಿರಿಯರು ಕಂಡಿರಬಹುದು. ಅವು ಇಲ್ಲವಾದ ಮೇಲೆ ಆ ಸಮಾಜ ಸೌರ ಸಾಧನಗಳ ಮೊರೆಹೋಗಬೇಕಾಯಿತು. 1992 ಮತ್ತು 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇ. 99.9ರಷ್ಟು ಕುಸಿದವು. ಭರತ್‌ಪುರದಲ್ಲಿ ಈ ಕುಸಿತವನ್ನು ಮೊದಲು ಗುರುತಿಸಿದವರು ವಿಭು ಪ್ರಕಾಶ್. ಯಾವುದೋ ಸೋಂಕಿರಬೇಕೆಂಬ ಶಂಕೆಯಿತ್ತು. 2004ರಲ್ಲಿ ಲಿಂಡ್ಸೆ ಓಕ್ಸ್ ಅವರ ತಂಡ, ಪಾಕಿಸ್ತಾನದಲ್ಲಿ ನಡೆಸಿದ ಸಂಶೋಧನೆಯಿಂದ, ನಿಜವಾದ ಕಾರಣವನ್ನು ಪ್ರಕಟಿಸಿತು: ದನಗಳ ನೋವಿಗೆ ಕೊಡುವ ಡೈಕ್ಲೊಫೆನಾಕ್. ಆ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಕೂರುತ್ತದೆ. ನೂರು ಕಳೇಬರಗಳಲ್ಲಿ ಒಂದಕ್ಕೂ ಕಡಿಮೆ ವಿಷಮಯವಾಗಿದ್ದರೂ ಸಾಕು, ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಸಂತತಿ ಅಳಿಯುತ್ತದೆ.

2006ರಲ್ಲಿ ದನಗಳಿಗೆ ಆ ಔಷಧಿ ನಿಷಿದ್ಧವಾಯಿತು. ಮನುಷ್ಯರ ಹೆಸರಿನ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಲೇ ಇದ್ದುವು. 2015ರಲ್ಲಿ ಅವನ್ನು 3 ಮಿ.ಲೀ.ಗೆ ಮಿತಗೊಳಿಸಲಾಯಿತು. ಹದ್ದಿಗೆ ಮಾರಕವೇ ಆದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ಮೆಲಾಕ್ಸಿಕ್ಯಾಮ್ ನಿರಪಾಯಕಾರಿಯೆಂದು 2006ರಲ್ಲೇ ತಿಳಿದಿತ್ತು! ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಪಕ್ಷಿ ಸಾಯುತ್ತದೆಯೇ ಎಂದು ನೋಡುವ ಈ ರಾಜ್ಯನೀತಿಯನ್ನು ಪ್ರಶ್ನಿಸಲು ಪುರಾವೆ ಬೇಕು. ಪುರಾವೆಗೆ ಸಂಶೋಧಕರು ಬೇಕು.

ಪ್ರಾಣಿಶಾಸ್ತ್ರದವರಷ್ಟೇ ಸಾಲದು. ಕಳೇಬರದ ಯಕೃತ್ತಿನಲ್ಲಿ ಔಷಧಿಯ ಶೇಷವನ್ನು ಅಳೆಯಲು ರಸಾಯನಶಾಸ್ತ್ರಜ್ಞರೂ, ಸಾವಿನ ಲೆಕ್ಕಕ್ಕೆ ಸಂಖ್ಯಾಶಾಸ್ತ್ರಜ್ಞರೂ, ಪಶುವೈದ್ಯರೂ ಬೇಕು. ನಮ್ಮ ಊರಿನಲ್ಲೇ 1883ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿದೆ; ಹರಿಯಾಣದ ಪಿಂಜೋರಿನ ಹದ್ದುಗಳ ಸಂತಾನಾಭಿವೃದ್ಧಿ ಕೇಂದ್ರದ ಹಿಂದೆಯೂ ಅದರ ಶ್ರಮವಿದೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಎನ್.ಸಿ.ಬಿ.ಎಸ್.ಗಳಲ್ಲಿ ವನ್ಯಜೀವಿ ವಿಷಯದ ಎಂ.ಎಸ್ಸಿ. ಉಂಟು. ಕೊಯಮತ್ತೂರಿನಲ್ಲಿ ಸಲೀಂ ಅಲಿಯವರ ಹೆಸರಿನ ಕೇಂದ್ರವಿದೆ. ನೆಟ್ ಪರೀಕ್ಷೆಯ ಮೂಲಕ ಕಿರಿಯ ಫೆಲೊಶಿಪ್ ದೊರೆತರೆ, 2023ರ ಪರಿಷ್ಕರಣೆಯಂತೆ, ತಿಂಗಳಿಗೆ 37,000 ರೂಪಾಯಿ. ತಾಯ್ತಂದೆಯರಿಂದ ಮುಚ್ಚಿಡಲಾರೆ: ಸೀಟುಗಳು ಕೆಲವೇ, ಮುಂದಿನ ಉದ್ಯೋಗ ಬಹುಪಾಲು ಯೋಜನೆಗಳಿಗೆ ಅಂಟಿಕೊಂಡದ್ದು.

ಆದರೂ ಹೊರನಾಡ ಕನ್ನಡಿಗರ ಮಕ್ಕಳಿಗೆ ಒಂದು ಬಲವಿದೆ. ಈ ಕೆಲಸದ ಅರ್ಧಭಾಗ ನಡೆಯುವುದು ದನದ ಕೊಟ್ಟಿಗೆಯಲ್ಲಿ, ಔಷಧಿ ಅಂಗಡಿಯ ಕಟ್ಟೆಯ ಮುಂದೆ. ಅಲ್ಲಿ ಇಂಗ್ಲಿಷ್ ನಡೆಯದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡುವ ಹುಡುಗಿ ರಾಮನಗರದಲ್ಲೂ ರಾಯಗಡದಲ್ಲೂ ರೈತನನ್ನು ಮಾತಿಗೆಳೆಯಬಲ್ಲಳು. ರಾಮನಗರವೆಂದರೆ ‘ಶೋಲೆ’ಯ ಬಂಡೆಗಳಷ್ಟೇ ನೆನಪಾದೀತು, ಅಲ್ಲಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಉಳಿದಿರುವ ಉದ್ದಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟು. ಅವು ಎಲ್ಲಿ ಉಣ್ಣುತ್ತವೆ, ಆ ಊಟದಲ್ಲಿ ಏನಿದೆ — ಒಂದು ಪಿಎಚ್.ಡಿ.ಗೆ ಸಾಕಾಗುವ ಪ್ರಶ್ನೆ.

ಆಸಕ್ತರು ಸಭೆಯ ನಂತರ ಗ್ರಂಥಾಲಯದ ಕೋಣೆಗೆ ಬನ್ನಿ, ಅರ್ಜಿಯ ಕ್ರಮವನ್ನು ತಿಳಿಸುತ್ತೇನೆ.