ಗಳಗಂಡವೂ ಅಡಿಗೆಯ ಉಪ್ಪೂ
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಗದ್ದೆಯಲ್ಲಿ ಸತುವಿನ ಅಂಶ ಕಡಿಮೆಯಾದರೆ ಭತ್ತದ ಎಲೆಯ ಮೇಲೆ ಕಂದು ಚುಕ್ಕೆ ಬೀಳುವುದನ್ನು ತಾವು ಬಲ್ಲಿರಿ. ಎಕರೆಗೆ ಕೆಲವೇ ಕಿಲೋ ಜಿಂಕ್ ಸಲ್ಫೇಟ್ ಹಾಕಿದರೆ ಪೈರು ಚೇತರಿಸಿಕೊಳ್ಳುತ್ತದೆ. ಮನುಷ್ಯನ ಶರೀರದ ರೀತಿಯೂ ಹೀಗೆಯೇ. ಅದಕ್ಕೂ ಅತಿ ಸ್ವಲ್ಪ ಪ್ರಮಾಣದಲ್ಲಿ, ಆದರೆ ತಪ್ಪದೆ ಸಿಗಬೇಕಾದ ವಸ್ತುಗಳಿವೆ. ಅವುಗಳಲ್ಲಿ ಅಯೋಡಿನ್ ಒಂದು. ಈ ದಿನ ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ನಮ್ಮ ಕತ್ತಿನ ಮುಂಭಾಗದಲ್ಲಿ, ಗಂಟಲ ಗುಳಿಯ ಮೇಲೆ, ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದಕ್ಕೆ ಥೈರಾಯ್ಡ್ ಎಂದು ಹೆಸರು. ಅದು ಸ್ರವಿಸುವ ರಸಕ್ಕೆ ಹಾರ್ಮೋನ್ ಎನ್ನುತ್ತಾರೆ. ಉಂಡ ಅನ್ನವು ಶಕ್ತಿಯಾಗಿ ಮೈಗೆ ಹತ್ತುವುದು, ಮೈ ಬೆಚ್ಚಗಿರುವುದು, ಮಕ್ಕಳು ಬೆಳೆಯುವುದು, ಮೆದುಳು ಚುರುಕಾಗುವುದು ಇವೆಲ್ಲಕ್ಕೂ ಈ ರಸ ಬೇಕು. ಅಯೋಡಿನ್ ಇಲ್ಲದೆ ಗ್ರಂಥಿಯು ಇದನ್ನು ತಯಾರಿಸಲಾರದು. ರಸ ಸಾಲದಾದಾಗ ಮೆದುಳಿನ ಕೆಳಗಿರುವ ಮತ್ತೊಂದು ಗ್ರಂಥಿಯು ಇದನ್ನು 'ದುಡಿ, ದುಡಿ' ಎಂದು ಅಟ್ಟುತ್ತದೆ. ಮೇವು ಹಾಕದೆ ಎತ್ತಿಗೆ ಬಾರುಕೋಲು ಬೀಸಿದಂತೆ! ಪಾಪ, ಗ್ರಂಥಿಯು ದುಡಿದು ದುಡಿದು ಊದಿಕೊಳ್ಳುತ್ತದೆ. ಇದೇ ಗಳಗಂಡ.

ಇದು ದೇವರ ಶಾಪವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಸಾವಿರಾರು ವರ್ಷಗಳ ಮಳೆಯೂ ಪ್ರವಾಹವೂ ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಬೆಟ್ಟದ ಸೀಮೆಗಳಲ್ಲಿ ಈ ನಷ್ಟ ಹೆಚ್ಚು. ನಮ್ಮ ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ಗಳಗಂಡ ಕಂಡುಬಂದಿದೆ. ಮಣ್ಣಿನಲ್ಲಿ ಇಲ್ಲದ್ದು ಕಾಳಿನಲ್ಲಿ ಎಲ್ಲಿಂದ ಬಂದೀತು? ಕಾಳಿನಲ್ಲಿ ಇಲ್ಲದ್ದು ಮುದ್ದೆಯಲ್ಲಿ ಎಲ್ಲಿಂದ ಬಂದೀತು?

ಹಾಗಾದರೆ ಪರಿಹಾರವೇನು? ಇದಕ್ಕೆ ಉತ್ತರ ನಮ್ಮ ದೇಶದಲ್ಲಿಯೇ, ಹಳ್ಳಿಗಾಡಿನಲ್ಲಿಯೇ ದೊರಕಿತು. ಈಗ ಹಿಮಾಚಲ ಪ್ರದೇಶಕ್ಕೆ ಸೇರಿರುವ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಒಂದು ಪ್ರಯೋಗಕ್ಕೆ ಕೈಹಾಕಿದರು. ಅಲ್ಲಿ 100 ಜನರಲ್ಲಿ ಸುಮಾರು 38 ಜನರಿಗೆ ಗಳಗಂಡವಿತ್ತು. ಸುಮಾರು ಒಂದು ಲಕ್ಷ ಜನ ವಾಸಿಸುವ ಆ ಪ್ರದೇಶವನ್ನು ಮೂರು ಭಾಗಗಳಾಗಿ ಮಾಡಿ, ಎರಡು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದು ಭಾಗಕ್ಕೆ ಬರಿಯ ಉಪ್ಪನ್ನೂ ಒದಗಿಸಿದರು. ನಾವು ಹೊಸ ತಳಿಯ ಬೀಜವನ್ನು ಒಂದು ಪಾತಿಯಲ್ಲಿಯೂ ಹಳೆಯದನ್ನು ಪಕ್ಕದ ಪಾತಿಯಲ್ಲಿಯೂ ಬಿತ್ತಿ ನೋಡುವುದಿಲ್ಲವೇ, ಹಾಗೆಯೇ.

ಆರು ವರ್ಷ ಕಳೆದು 1962ರಲ್ಲಿ ನೋಡಿದಾಗ, ಅಯೋಡಿನ್ ಉಪ್ಪು ಉಂಡ ಎರಡೂ ಭಾಗಗಳಲ್ಲಿ ಗಳಗಂಡ ಬಹಳ ಇಳಿದಿತ್ತು. ಬರಿಯ ಉಪ್ಪು ಉಂಡ ಕಡೆ ಇಳಿದಿರಲಿಲ್ಲ. ಕಾರಣ ಸ್ಪಷ್ಟವಾದ ಬಳಿಕ ಆ ಮೂರನೆಯ ಭಾಗಕ್ಕೂ ಅದೇ ಉಪ್ಪನ್ನು ಕೊಟ್ಟರು. ಅಲ್ಲಿಯೂ ರೋಗ ಹಿಮ್ಮೆಟ್ಟಿತು. 1968ರ ಹೊತ್ತಿಗೆ ಮೊದಲಿನ ಎರಡು ಭಾಗಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಗಳಗಂಡ ಉಳಿದಿತ್ತು. ಊಟದ ಪದ್ಧತಿಯನ್ನಾಗಲಿ ಕೆಲಸವನ್ನಾಗಲಿ ಯಾರೂ ಬದಲಿಸಲಿಲ್ಲ. ಉಪ್ಪು ಮಾತ್ರ ಬದಲಾಯಿತು. 1962ರಲ್ಲಿಯೇ ಭಾರತ ಸರ್ಕಾರವು ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು.

ಕತ್ತಿನ ಗಡ್ಡೆಯೊಂದೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕಣ್ಣಿಗೆ ಕಾಣದ ಹಾನಿ ಇದಕ್ಕಿಂತ ದೊಡ್ಡದು. ಬಸುರಿಯಾದ ತಾಯಿಗೆ ಅಯೋಡಿನ್ ತೀರ ಕಡಿಮೆಯಾದರೆ ಗರ್ಭಪಾತವಾಗಬಹುದು, ಮಗು ಸತ್ತು ಹುಟ್ಟಬಹುದು. ಬದುಕಿ ಹುಟ್ಟಿದ ಮಗು ಕಿವುಡಾಗಿ, ಮೂಕಾಗಿ, ಕುಳ್ಳಾಗಿ, ಬುದ್ಧಿ ಬೆಳೆಯದೆ ಉಳಿಯಬಹುದು. ಅಷ್ಟು ತೀವ್ರವಲ್ಲದ ಕೊರತೆಯಿಂದಲೂ ಮಕ್ಕಳ ಕಲಿಯುವ ಶಕ್ತಿ ಕುಂದುತ್ತದೆ. ಗರ್ಭದಲ್ಲಿ ಆದ ಈ ನಷ್ಟವನ್ನು ಮುಂದೆ ಯಾವ ಔಷಧಿಯೂ ಪೂರ್ತಿಯಾಗಿ ತುಂಬಲಾರದು. ಆದುದರಿಂದ ಇದು ಮೊದಲೇ ತಡೆಯಬೇಕಾದ ಕೇಡು.

ಖರ್ಚು ಎಷ್ಟೆಂದು ಕೇಳುವಿರಾ? ವಯಸ್ಕರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ. ಬಸುರಿ, ಬಾಣಂತಿಯರಿಗೆ 250. ಎಪ್ಪತ್ತು ವರ್ಷ ಬಾಳುವ ಒಬ್ಬನಿಗೆ ಜೀವಮಾನದಲ್ಲಿ ಬೇಕಾಗುವ ಅಯೋಡಿನ್ ಒಟ್ಟು ಸೇರಿಸಿದರೂ ಒಂದು ಟೀ ಚಮಚೆಯನ್ನು ಮೀರದು. ಆದರೆ ಒಂದೇ ಸಲ ನುಂಗಿ ಕೂಡಿಡುವಂತಿಲ್ಲ, ದಿನದಿನವೂ ಸಿಗಬೇಕು. ಬಡವ ಬಲ್ಲಿದರೆನ್ನದೆ ಎಲ್ಲರೂ ನಿತ್ಯವೂ ತಿನ್ನುವುದು ಉಪ್ಪನ್ನು. ಅದಕ್ಕಾಗಿಯೇ ಉಪ್ಪಿಗೆ ಬೆರೆಸುತ್ತಾರೆ.

ಈಗ ಮನೆಯಲ್ಲಿ ಮಾಡಬೇಕಾದುದನ್ನು ಹೇಳುತ್ತೇನೆ.

ಮೊದಲನೆಯದು: ಅಯೋಡಿನ್‌ಯುಕ್ತವೆಂದು ಮುದ್ರಿಸಿರುವ ಪೊಟ್ಟಣವನ್ನೇ ಕೊಳ್ಳಿರಿ. ತಿನ್ನುವುದಕ್ಕಾಗಿ ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು 2006ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಬೇಕಾದಷ್ಟಿರುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಎರಡನೆಯದು: ಉಪ್ಪನ್ನು ಮುಚ್ಚಳವಿರುವ ಭರಣಿಯಲ್ಲಿ, ಒಲೆಯ ಕಾವಿನಿಂದಲೂ ತೇವದಿಂದಲೂ ದೂರ ಇಡಿರಿ. ಹರಳುಪ್ಪನ್ನು ತೊಳೆದರೆ ಅಯೋಡಿನ್ ನೀರಿನೊಡನೆ ಹೋಗುತ್ತದೆ. ಸಾರು ಕುದಿದಿಳಿಯುವ ಹೊತ್ತಿಗೆ ಉಪ್ಪು ಹಾಕುವುದು ಮೇಲು.

ಮೂರನೆಯದು: ಅಯೋಡಿನ್ ಬೇಕೆಂದು ಹೆಚ್ಚು ಉಪ್ಪು ತಿನ್ನಬೇಡಿರಿ. ಹೆಚ್ಚಿದರೆ ರಕ್ತದ ಒತ್ತಡ ಏರುತ್ತದೆ. ಬದಲಿಸಬೇಕಾದುದು ಉಪ್ಪಿನ ಬಗೆಯನ್ನು, ಅಳತೆಯನ್ನಲ್ಲ.

ನಾಲ್ಕನೆಯದು: ಕತ್ತಿನ ಬಾವೆಲ್ಲವೂ ಅಯೋಡಿನ್ ಕೊರತೆಯಿಂದಲೇ ಬಂದುದಲ್ಲ. ಬಾವು ಕಂಡರೆ, ಅಥವಾ ಕಾರಣವಿಲ್ಲದೆ ಸುಸ್ತು, ಚಳಿ ತಾಳದಿರುವುದು, ಮೈ ತೂಕ ಏರುವುದು, ಮುಟ್ಟಿನ ಏರುಪೇರು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳು ಬಸುರಾದೊಡನೆ ಮಾತ್ರೆಯನ್ನು ನಿಲ್ಲಿಸದೆ, ವೈದ್ಯರನ್ನು ಕಂಡು ಅಳತೆ ಸರಿಪಡಿಸಿಕೊಳ್ಳಬೇಕು.

ದನಕರುಗಳಿಗೂ ಈ ಮಾತು ಸಲ್ಲುತ್ತದೆ. ಅಯೋಡಿನ್ ಸಾಲದ ಹಸು ಮೇಕೆಗಳಿಗೆ ಕೂದಲಿಲ್ಲದ, ಬಲವಿಲ್ಲದ, ಕೆಲವು ವೇಳೆ ಸತ್ತ ಕರು ಮರಿ ಹುಟ್ಟುವುದುಂಟು. ಪಶುವೈದ್ಯರನ್ನು ಕೇಳಿ ಖನಿಜ ಮಿಶ್ರಣ ಕೊಡಿರಿ.

ಗೊಬ್ಬರದ ಚೀಲವನ್ನು ಕೊಳ್ಳುವಾಗ ಅದರ ಮೇಲಿನ ಅಕ್ಷರವನ್ನು ಓದಿಸಿ ನೋಡುವ ನಾವು, ಉಪ್ಪಿನ ಪೊಟ್ಟಣದ ಮೇಲಿನ ಅಕ್ಷರವನ್ನೂ ಓದೋಣ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಗೆ ಕೊಡೋಣ. ಅದರಿಂದ ಲಾಭವಾಗುವುದು ಆ ಮಗುವಿಗೂ, ಅದರ ಬೆನ್ನಿಗೆ ಹುಟ್ಟಲಿರುವ ತಮ್ಮ ತಂಗಿಯರಿಗೂ. ಈ ವಾರದ ಸಂತೆಯಿಂದಲೇ ಈ ಪದ್ಧತಿ ತಮ್ಮ ಮನೆಗಳಲ್ಲಿ ಆರಂಭವಾಗಲಿ ಎಂದು ಬೇಡಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.